ಏಡಿ ಬಿಟ್ಟ ದಾರಿ

ಭಗವಂತ ಲೋಕವನ್ನು ಆಗಷ್ಟೇ ಹಾಸಿ ಮುಗಿಸಿದ್ದ ಕಾಲ. ಕಡಲ ದಂಡೆ ಒರೆಸಿಟ್ಟ ಮಣೆಯ ಹಾಗೆ ಸಪಾಟಾಗಿತ್ತು. ನಾಲ್ಕು ಜೀವ ಒಟ್ಟಿಗೆ ಕೂರಲು ಒಂದು ದಿಬ್ಬವೂ ಇರಲಿಲ್ಲ. ನಕ್ಕರೂ ಒಬ್ಬೊಬ್ಬರೇ, ಅತ್ತರೂ ಒಬ್ಬೊಬ್ಬರೇ.

ಆ ದಂಡೆಯಲ್ಲಿ ಸಣ್ಣಿ ಎಂಬ ಪುಟ್ಟ ಏಡಿಯಿದ್ದಳು. ಅವಳ ಅವ್ವ ಹಾಸಿಗೆ ಹಿಡಿದಿದ್ದಳು.

“ಮಗಾ, ಎಲ್ಲರೂ ಒಂದು ಕಡೆ ಕೂತು ದೇವರ ಹೆಸರು ಹಾಡಬೇಕು. ಅದನ್ನು ಕೇಳ್ತಾ ಕಣ್ಣು ಮುಚ್ತೇನೆ. ಇನ್ನೇನೂ ಬೇಡ.”

ಸಣ್ಣಿ ಅವ್ವನನ್ನು ನಡುವೆ ಮಲಗಿಸಿ, ಸುತ್ತಲೂ ಮರಳಿನ ಉಂಡೆ ಕಟ್ಟಿಟ್ಟಳು. ಉಂಡೆಯ ಮೇಲೆ ಉಂಡೆ. ದುಂಡನೆಯ ದಿಬ್ಬ ಎದ್ದಿತು; ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗ. ಆಮೆಗೆ ಕೆಳಗೆ, ಕೊಕ್ಕರೆಗೆ ಮೇಲೆ.

“ಅಡ್ಡ ನಡೆಯೋಳು ದುಂಡಗೆ ಕಟ್ತಾಳಂತೆ!” ಕಾಗೆ ನಕ್ಕಿತು.

“ಅಡ್ಡ ನಡೆಯೋದೇ ಒಳ್ಳೇದಾಯ್ತು ಕಾಗಣ್ಣ. ಎಷ್ಟು ಸುತ್ತು ಬಂದರೂ ಅವ್ವನ ಕಡೆಯಿಂದ ಮುಖ ತಿರುಗಿಸಬೇಕಿಲ್ಲ.”

ಕಾಗೆ ಕೆಳಗಿಳಿಯಿತು. ತಾನೂ ಒಂದು ಉಂಡೆ ತಂದಿಟ್ಟಿತು.

ಸಣ್ಣಿ ಎಲ್ಲರ ಮನೆಗೂ ಹೋಗಿ ಕರೆದು ಬಂದಳು. ಕಡಲನ್ನು ಮಾತ್ರ ಕರೆಯಲಿಲ್ಲ. ‘ಕಡಲಣ್ಣ ಮನೆಯವನೇ ಅಲ್ಲವೇ, ಮನೆಯವರನ್ನು ಯಾರಾದರೂ ಕರೀತಾರಾ?’ ಅಂದುಕೊಂಡಳು. ಅವನಿಗೆಂದು ಜಾಗವನ್ನೂ ಇಡಲಿಲ್ಲ.

ಸಂಜೆ ಎಲ್ಲರೂ ಬಂದು ಕೂತರು. ಹಾಡು ಶುರುವಾಯಿತು. ಅವ್ವನ ಮುಖ ಅರಳಿತು.

ಹಾಡು ಕೇಳಿ ಕಡಲಣ್ಣನೂ ಬಂದ. “ತಂಗೀ, ನನ್ನ ಜಾಗ ಎಲ್ಲಿ?”

ಸಣ್ಣಿ ದಿಬ್ಬದ ಸುತ್ತ ಕಣ್ಣಾಡಿಸಿದಳು; ಎಲ್ಲೂ ಜಾಗವಿರಲಿಲ್ಲ.

“ಇರಲಿ ಬಿಡು, ಅಂಚಿನಲ್ಲೇ ಕೂರ್ತೇನೆ,” ಎಂದು ಅವನು ಮೆಲ್ಲಗೆ ದಿಬ್ಬದ ಮೇಲೆ ಕೂತ.

ಅಷ್ಟೇ. ಮರಳು ಕರಗಿತು. ಹಕ್ಕಿಗಳು ಹಾರಿದವು. ಹಾಡು ಅರ್ಧಕ್ಕೆ ನಿಂತಿತು. ನೀರು ಇಳಿದಾಗ ಅವ್ವ ಇರಲಿಲ್ಲ.

“ಕೂರಲು ಬಂದೆ ತಂಗಿ, ಕೆಡವಲು ಬರಲಿಲ್ಲ,” ಕಡಲಣ್ಣ ಬಿಕ್ಕಿದ.

“ಗೊತ್ತಣ್ಣ. ಕರೆಯದೆ ಇದ್ದವಳು ನಾನು. ದಾರಿ ಬಿಡದೆ ಇದ್ದವಳೂ ನಾನೇ.”

ಭಗವಂತ ಇಬ್ಬರನ್ನೂ ಗದರಲಿಲ್ಲ. ಅವ್ವನನ್ನು ಅವನು ಆಗಲೇ ತನ್ನ ಮಡಿಲಿಗೆ ಎತ್ತಿಕೊಂಡಿದ್ದ. ಆದರೆ ಅದು ಸಣ್ಣಿಗೆ ಕಾಣಬೇಕಲ್ಲ!

ಅವ್ವನ ಹಾಡು ಮುಗಿಯಲಿ ಎಂದು ಅವಳು ಮತ್ತೆ ಉಂಡೆ ಕಟ್ಟಿದಳು. ಈ ಸಲ ಕಡಲಣ್ಣನಿಗೆ ಒಂದು ದಾರಿ ಬಿಟ್ಟಳು. ಅವನು ಆ ದಾರಿಯಲ್ಲೇ, ಉಸಿರು ಬಿಗಿಹಿಡಿದು ಬಂದ. ಆದರೂ ಮರಳು ಕರಗಿತು. ಮತ್ತೆ ಕಟ್ಟಿದಳು. ಮತ್ತೆ ಕರಗಿತು.

ಅದಕ್ಕೇ ಮಗು, ಇಂದಿಗೂ ನೀರು ಇಳಿದ ದಂಡೆಯಲ್ಲಿ ಏಡಿಯ ಬಿಲದ ಸುತ್ತ ಕಾಳಿನಷ್ಟು ಕಾಳಿನಷ್ಟು ಮರಳುಂಡೆಗಳು ಹರಡಿರುತ್ತವೆ, ನಡುವೆ ಒಂದು ಸಪೂರ ದಾರಿ ಮಾತ್ರ ಖಾಲಿ ಇರುತ್ತದೆ.