ನೂರು ದಿನದ ಕರು

ನಗು ಬಂದರೆ ತಡೀಬೇಡಿ, ಕತೆ ನಡುವೆ ಎದ್ದು ಮಾತ್ರ ಹೋಗಬೇಡಿ. ಗಜೇಂದ್ರಗಡದಲ್ಲಿ ದ್ಯಾಮವ್ವ ಅಂತ ಖಾನಾವಳಿಯವಳು. ಒಂದು ಒಲೆಯಿಂದ ಶುರುಮಾಡಿ ನಾಲ್ಕು ಒಲೆ ಹಚ್ಚಿದವಳು. ಅವಳಿಗೊಬ್ಬನೇ ಮಗ, ಕಲ್ಲಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಗೋಳು!

ಕಲ್ಲಪ್ಪ ಮೊಬೈಲಿನಲ್ಲಿ ಬ್ಲಾಕ್‌ಚೈನ್ ಆಟ ಹಿಡಿದ. ಆಟದೊಳಗೊಂದು ಕರು. ಅದು ಯಾರದು ಅನ್ನೋದು ಸಾವಿರ ಕಂಪ್ಯೂಟರಿನಲ್ಲಿ ಬರೆದಿರುತ್ತದೆ, ಯಾರೂ ಅಳಿಸಲಾರರು. ನೂರು ದಿನ ಮೇಯಿಸಿದರೆ ಕರು ಹೋರಿಯಾಗುತ್ತದೆ.

ಪಕ್ಕದ ಮನೆ ಕಾಶವ್ವ ನಕ್ಕಳು. "ನಿನ್ನ ಮಗ ನೂರು ದಿನ ಒಂದು ಕೆಲಸ ಮಾಡಿದರ, ನಿನ್ನ ರೊಟ್ಟಿ ಬುಟ್ಟಿ ನಾನ ಹೊತ್ತು ಓಣಿ ಸುತ್ತತೀನಿ!"

"ಹೊರ್ತೀಯಲ್ಲ? ತಲಿ ಗಟ್ಟಿ ಮಾಡ್ಕೊ!" ಅಂದಳು ದ್ಯಾಮವ್ವ.

ಕಲ್ಲಪ್ಪ ನೂರು ದಿನದ ಹುಲ್ಲು ಒಂದೇ ದಿನ ಹಾಕಿದ. ಕರು ಹೊಟ್ಟೆ ಉಬ್ಬಿ ಮಲಗಿತು!

"ಅಯ್ಯೋ ಪೆದ್ದ! ದಿನಕ್ಕ ಒಂದು ಹಿಡಿ ಹಾಕಬೇಕೋ!"

"ಆಗಲಿ ಅವ್ವಾ."

ಹೊಸ ಕರು ತಂದ, ಮತ್ತೆ ಒಂದರಿಂದ ಎಣಿಸಿದ. ಮರುದಿನ ದ್ಯಾಮವ್ವ ತೊಟ್ಟಿಲ ಕಾರ್ಯದ ಮನೆಗೆ ಮಗನ ಕೈಲಿ ನಲವತ್ತು ರೊಟ್ಟಿ ಕೊಟ್ಟು ಕಳಿಸಿದಳು. ಮೂವತ್ತೊಂಬತ್ತು ವಾಪಸ್ ಬಂದವು!

"ದಿನಕ್ಕೊಂದು ಕೊಡ್ತೀನಿ, ಅವ್ವಾ."

"ನಲವತ್ತೂ ಕೊಟ್ಟು ಬಾ ಅಂದಿರಲಿಲ್ಲೇನೋ?"

"ಮರತೆ."

"ಮರೆಯೋನು ಬರೆದಿಡಬೇಕು! ಒಂದು ಕಡೆ ಅಲ್ಲ, ಹತ್ತು ಕಡೆ ಬರಿ!"

"ಆಗಲಿ ಅವ್ವಾ."

ಅಷ್ಟರಲ್ಲಿ ಆಟ ಹನ್ನೆರಡು ಗುಟ್ಟಿನ ಪದ ಕೊಟ್ಟಿತು. ಆ ಪದ ಗೊತ್ತಿದ್ದವನೇ ಕರುವಿನ ಒಡೆಯ. ಕಲ್ಲಪ್ಪ ಇದ್ದಿಲು ತಗೊಂಡ, ಹತ್ತು ಮನೆ ಗೋಡೆ ಮೇಲೆ ಬರೆದ! ದ್ಯಾಮವ್ವ ಸುಣ್ಣದ ಬಕೆಟ್ ಹಿಡಿದು ಹತ್ತೂ ಮನೆಗೆ ಓಡಿದಳು.

"ಗುಟ್ಟು ಯಾರಿಗೂ ತೋರಿಸಬಾರದೋ! ಯಾರಿಗೂ ಹೇಳಬಾರದು! ನಾ ಕೇಳಿದರೂ ಹೇಳಬಾರದು!"

"ಆಗಲಿ ಅವ್ವಾ."

ಇಷ್ಟಾದರೂ ಕಲ್ಲಪ್ಪ ದಿನಕ್ಕೊಂದು ಹಿಡಿ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಹಾಕಿದ. ತೊಂಬತ್ತೊಂಬತ್ತು ದಿನ ಕಳೆಯಿತು. ನೂರನೆಯ ದಿನ ಕಾಶವ್ವ ಬಂದು ಕೂತಳು. ಕೊನೆಯ ಹಿಡಿ ಹಾಕಿದ. ಆಟ ಕೇಳಿತು: ಸಂಜೆಯೊಳಗೆ ಹನ್ನೆರಡು ಪದ ಒತ್ತು, ಇಲ್ಲದಿದ್ದರೆ ಹೋರಿ ಇಲ್ಲ!

"ಒತ್ತೋ!"

"ನೀ ನೋಡಾಕತ್ತೀಯಲ್ಲ ಅವ್ವಾ."

"ಕಣ್ಣು ಮುಚ್ಚಿದೆ! ಒತ್ತು!"

"ಕಾಶವ್ವ ಚಿಗವ್ವ ನೋಡಾಕತ್ತಾಳಲ್ಲ?"

ಕಾಶವ್ವ ಸೆರಗು ಮುಖದ ಮೇಲೆ ಎಳಕೊಂಡಳು. ಕಲ್ಲಪ್ಪ ಗೋಡೆಯ ದೇವರ ಫೋಟೊ ತಿರುಗಿಸಿದ. ಕೋಳಿಯ ಮೇಲೆ ಬುಟ್ಟಿ ಮುಚ್ಚಿದ. ಹೊತ್ತು ಮುಳುಗುತ್ತಿತ್ತು!

"ಆತೇನೋ?"

"ಬೆಕ್ಕು ಐತಿ, ಅವ್ವಾ."

ಬೆಕ್ಕನ್ನೂ ಓಡಿಸಿದ. ಹತ್ತು ಸಲ ಬರೆದಿದ್ದನಲ್ಲ, ಹನ್ನೆರಡೂ ಪದ ಬಾಯಿಪಾಠ. ಒತ್ತಿದ. ಹೋರಿ ಗುಟುರು ಹಾಕಿತು!

ದ್ಯಾಮವ್ವ ಮಗನ ಕೆನ್ನೆ ಹಿಂಡಿದಳು. ಕಾಶವ್ವ ಬುಟ್ಟಿ ಹೊತ್ತು ಓಣಿ ಸುತ್ತಿದಳು. ಓಣಿಯೆಲ್ಲ ನಕ್ಕಿತು, ಅವಳೂ ನಕ್ಕಳು.

"ಮಗಾ, ಇನ್ನು ಯಾರೇ ಯಾವ ಕೆಲಸ ಹಿಡಿದರೂ ಹಿಂಗ ನೂರು ದಿನ ಬಿಡಬಾರದು!"

"ಆಗಲಿ ಅವ್ವಾ."

ಮರುದಿನ ಕೋಳಿ ಕೂಗುವ ಹೊತ್ತಿಗೆ ಕಾಶವ್ವನ ಬಾಗಿಲನ್ನು ಯಾರೋ ದಬದಬ ಬಡಿದರು. ತೆಗೆದು ನೋಡಿದರೆ ರೊಟ್ಟಿ ಬುಟ್ಟಿ ಹಿಡಿದ ಕಲ್ಲಪ್ಪ.

"ತಗೋ ಚಿಗವ್ವಾ, ಹೊರು. ಇನ್ನ ತೊಂಬತ್ತೊಂಬತ್ತು ದಿನ ಐತಿ!"