ಜಟ್ಟಿ ಕಾದ ಎರಡು ಬಾಗಿಲು

ಬಹಳ ಹಿಂದೆ, ನೋಡಿದವರು ಯಾರೂ ಉಳಿದಿಲ್ಲವಾದ್ದರಿಂದ ಧೈರ್ಯವಾಗಿ ಹೇಳಬಹುದಾದಷ್ಟು ಹಿಂದೆ, ಹೊಳೆ ಕಡಲು ಸೇರುವ ಅಳಿವೆಯ ಪಕ್ಕ ತೊರೆಗದ್ದೆ ಅಂತ ಒಂದು ಊರಿತ್ತಂತೆ. ಊರಿಗೊಂದು ಕಾಲುವೆ, ಕಾಲುವೆಯ ಬಾಯಿಗೆ ಎರಡು ಮರದ ಬಾಗಿಲು. ಹೊರಬಾಗಿಲು ಕಡಲಿಗೆ, ಒಳಬಾಗಿಲು ಗದ್ದೆಗೆ. ನಡುವೆ ಒಂದು ದೋಣಿ ಹಿಡಿಸುವಷ್ಟು ನೀರಿನ ಕೋಣೆ. ದೋಣಿ ಕೋಣೆಗೆ ಬಂದಮೇಲೆ ಹೊರಬಾಗಿಲು ಮುಚ್ಚಬೇಕು, ನೀರು ಕಾಲುವೆಯ ಮಟ್ಟಕ್ಕೆ ಇಳಿಯಬೇಕು, ಆಮೇಲೆ ಒಳಬಾಗಿಲು. ಎರಡೂ ಒಟ್ಟಿಗೆ ತೆರೆದರೆ ಉಪ್ಪುನೀರು ನುಗ್ಗಿ ಗದ್ದೆಯಲ್ಲಿ ಹುಲ್ಲೂ ಹುಟ್ಟದು.

ಆ ಬಾಗಿಲು ಕಾಯುವವನು ಜಟ್ಟಿ ಅಂಬಿಗ. ಏಳಡಿ ಎತ್ತರವಂತೆ. ಹೋದ ಸಲ ಹೇಳುವಾಗ ಆರೇ ಅಡಿ ಇದ್ದ. ಸತ್ತವರು ಕತೆಯಲ್ಲಿ ಬೆಳೆಯುತ್ತಾರೆ. ಮೀನುಗಳೂ ಅವನ ಅಪ್ಪಣೆ ಕೇಳಿ ಒಳಗೆ ಬರುತ್ತಿದ್ದವಂತೆ. ಒಂದು ಮೊಸಳೆ ಅಪ್ಪಣೆ ಸಿಗದೆ ಅಳುತ್ತ ಹಿಂದಿರುಗಿತಂತೆ. ಊರ ಪಟೇಲರನ್ನು ಬಿಸಿಲಲ್ಲಿ ಕಾಯಿಸಿದ್ದು ಮಾತ್ರ ನಿಜವಿರಬೇಕು. "ಪಟೇಲ್ರೇ, ಅವಸರ ನಿಮ್ಗೆ, ನೀರಿಗೆ ಎಂತ ಅವಸರ?" ಅಂದಿದ್ದನಂತೆ.

ಅವನಿಗೆ ಒಬ್ಬಳೇ ಮಗಳು, ಮಂಕಾಳಿ. ಅಳಿವೆಯಾಚೆಗೆ ಕೊಟ್ಟಿದ್ದ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೊರಟವಳಿಗೆ ದೋಣಿಯಲ್ಲೇ ನೋವು ಶುರುವಾಯಿತಂತೆ. ಸೂಲಗಿತ್ತಿ ಇರುವುದು ಊರಲ್ಲಿ, ಕಾಲುವೆಯ ಆ ತುದಿಯಲ್ಲಿ. ಆಚೀಚೆ ಸೊಂಟದವರೆಗೆ ಕೆಸರು, ನಡೆದು ಹೋಗಲು ದಾರಿಯಿಲ್ಲ. ಒಳಗಡೆ ಇನ್ನೊಂದು ದೋಣಿಯೂ ಇಲ್ಲ. ಊರಿನ ದೋಣಿಗಳೆಲ್ಲ ಮದುವೆಯೊಂದಕ್ಕೆ ಆಚೆ ಹೋಗಿದ್ದವು. ಅವೂ ಈಗ ಮಂಕಾಳಿಯ ಹಿಂದೆಯೇ ಹಾಡು ಹೇಳುತ್ತ ಬರುತ್ತಿದ್ದವು.

ಅವತ್ತು ಹುಣ್ಣಿಮೆಯ ಭರತ, ಕಡಲು ಏರುತ್ತಿತ್ತು. ಮಗಳ ದೋಣಿ ಅಲೆಗೆ ಕುಣಿಯುವುದನ್ನು ನೋಡಲಾರದೆ ಜಟ್ಟಿ ಹೊರಬಾಗಿಲು ತೆರೆದು ಅವಳನ್ನು ಕೋಣೆಯೊಳಗೆ ಬಿಟ್ಟುಕೊಂಡ. ಭರತದಲ್ಲಿ ತೆರೆದ ಬಾಗಿಲನ್ನು, ನುಗ್ಗುವ ನೀರಿನ ಒತ್ತಡಕ್ಕೆ, ಇಳಿತದವರೆಗೆ ಯಾರಿಂದಲೂ ಮುಚ್ಚಲಾಗದು. ಊರಿಗೆಲ್ಲ ಅದನ್ನು ಕಲಿಸಿದವನೇ ಅವನು. ಎದೆ ಕೊಟ್ಟು ನೂಕಿದ. ಬಾಗಿಲು ಅಲುಗಲಿಲ್ಲ.

ಇನ್ನು ಒಳಬಾಗಿಲು ತೆರೆದರೆ ಮಗಳು ಭರತದ ಜೊತೆಗೇ ತೇಲಿ ಊರು ಸೇರುತ್ತಾಳೆ. ಕಡಲೂ ಸೇರುತ್ತದೆ.

"ಮಾವ, ನಿಂಗೆ ಗದ್ದೆ ದೊಡ್ಡದಾ, ಹೆಣ್ಣು ದೊಡ್ಡದಾ?" ಅಂತ ಮಂಕಾಳಿಯ ಜೊತೆ ದೋಣಿಯಲ್ಲಿದ್ದ ಅಳಿಯ ಕೂಗಿದ.

ಜಟ್ಟಿ ಹಿಂದೆ ನಿಂತ ದೋಣಿಗಳ ಕಡೆ ನೋಡಿದ. ಎಲ್ಲ ಗದ್ದೆಯವರೇ. ಹಾಡು ನಿಂತಿತ್ತು. ತೆಗಿ ಅಂತ ಒಬ್ಬರೂ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಪಟೇಲರು ನೀರು ನೋಡುತ್ತಿದ್ದರಂತೆ.

"ತಡಿಯೇ ಮಗಾ, ನೀರು ಇಳೀಲಿ."

"ನೀರಿಗೆ ಅವಸರ ಇಲ್ಲ, ನಂಗೆ ಅದೆ ಅಪ್ಪಾ."

ಆಮೇಲೆ ಅವಳು ಮಾತಾಡಲಿಲ್ಲ. ಒಳಬಾಗಿಲ ಅಗುಳಿಯ ಮೇಲಿಟ್ಟ ಕೈಯನ್ನು ಜಟ್ಟಿ ತೆಗೆಯಲೂ ಇಲ್ಲ, ಎಳೆಯಲೂ ಇಲ್ಲ. ಇಳಿತ ಬಂದಾಗ ಹೊರಬಾಗಿಲು ಮುಚ್ಚಿ, ಕೋಣೆಯ ನೀರು ಇಳಿಸಿ, ಒಳಬಾಗಿಲು ತೆರೆದ. ಎಲ್ಲವನ್ನೂ ಕ್ರಮದಂತೆಯೇ ಮಾಡಿದನಂತೆ. ದೋಣಿ ಊರು ಸೇರಿತು. ತಾಯಿಯೂ ಉಳಿದಿರಲಿಲ್ಲ, ಕೂಸೂ ಉಳಿದಿರಲಿಲ್ಲ.

ಆ ವರ್ಷ ಬೆಳೆ ಹೇಗೆ ಬಂತೆಂದರೆ, ಭತ್ತ ತುಂಬಲು ಜಾಗವಿಲ್ಲದೆ ಜನ ಅಂಗಳದಲ್ಲಿ ಮಲಗಿದರಂತೆ. ಪ್ರತಿ ಮನೆಯಿಂದ ಜಟ್ಟಿಗೆ ಹೊಸ ಅಕ್ಕಿ ಬಂತು. ಅವನು ಒಂದು ಕಾಳನ್ನೂ ಬೇಯಿಸದೆ ಎಲ್ಲವನ್ನೂ ಕೋಣೆಯ ನೀರಿಗೆ ಸುರಿದ. ಸಾಯುವವರೆಗೂ ಬಾಗಿಲು ಕಾದ, ಯಾರನ್ನೂ ಬೈಯದೆ. ಬೈದಿದ್ದರೆ ಊರು ಸ್ವಲ್ಪ ಹಗುರಾಗುತ್ತಿತ್ತು.

ಬಾಗಿಲುಗಳು ಕೊಳೆತವು. ಸಿಗಡಿ ಸಾಕಲು ಪಟೇಲರ ಮೊಮ್ಮಕ್ಕಳೇ ಕಟ್ಟೆ ಒಡೆದು ಕಡಲನ್ನು ಒಳಗೆ ಕರೆದರು. ಮೊನ್ನೆ ಮೊನ್ನೆ ಪ್ರವಾಸಿಗರಿಗೆಂದು ಅದೇ ಜಾಗದಲ್ಲಿ ಹೊಸ ಬಾಗಿಲು ನಿಂತಿವೆ: ಪಾಲಿಶ್ ಹೊಡೆದ ಮರ, ಹಿತ್ತಾಳೆ ಹಿಡಿಕೆ, ಪಕ್ಕದಲ್ಲಿ ಮೀಸೆಯ ಜಟ್ಟಿಯ ಪ್ರತಿಮೆ. ಅವನಿಗೆ ಮೀಸೆಯಿತ್ತೆಂದು ಇಷ್ಟು ಸುಳ್ಳು ಹೇಳುವ ಈ ಬಾಯಿಯೂ ಎಂದೂ ಹೇಳಿದ್ದಿಲ್ಲ. ಪಂಪು ಹಾಕಿ ಕೋಣೆಯ ನೀರನ್ನು ಒಂದು ಗೇಣು ಏರಿಸುತ್ತಾರೆ, ಇಳಿಸುತ್ತಾರೆ. ದೋಣಿಯಲ್ಲಿ ಕೂತವರು ಚಪ್ಪಾಳೆ ತಟ್ಟುತ್ತಾರೆ. ಈಗ ಎರಡೂ ಕಡೆ ಒಂದೇ ಮಟ್ಟ, ಒಂದೇ ಉಪ್ಪು.

ಊರವರು ಅತ್ತ ಹೋಗುವುದಿಲ್ಲ. ಆದರೆ ತೊರೆಗದ್ದೆಯ ಹೆಣ್ಣಿಗೆ ನೋವು ಬಂತೆಂದರೆ, ಅವಳು ದೂರದ ಆಸ್ಪತ್ರೆಯಲ್ಲಿದ್ದರೂ, ಇಲ್ಲಿ ಮನೆಮನೆಯ ಮುಂಬಾಗಿಲು, ಹಿಂಬಾಗಿಲು ಎರಡನ್ನೂ ಒಟ್ಟಿಗೆ ತೆರೆದಿಡುತ್ತಾರೆ. ಗಾಳಿಗೆ ದೇವರ ದೀಪ ಆರುತ್ತದೆ. ನಾಯಿ ನುಗ್ಗಿ ಅನ್ನದ ಪಾತ್ರೆಗೆ ಬಾಯಿ ಹಾಕುತ್ತದೆ. ಕೂಸು ಅತ್ತ ಸುದ್ದಿ ಬರುವವರೆಗೆ ಬಾಗಿಲು ಹಾಕು ಅಂತ ಯಾರೂ ಅನ್ನುವುದಿಲ್ಲ.