ಸೀಟು ಹಿಡಿದ ಟವೆಲ್ಲು

ಹಳೇ ಬಡಾವಣೆಯ ಸ್ಟಾಪಿನಲ್ಲಿ ಸಂಜೆಯ ಬಸ್ಸು ಹೊರಡಲು ತಯಾರಾಗಿತ್ತು. ಯಾರೋ ಕಿಟಕಿಯಿಂದ ಒಳಗೆಸೆದು ಹೋಗಿದ್ದ ಟವೆಲ್ಲೊಂದು ಸೀಟು ಹಿಡಿದು ಕೂತಿತ್ತು. ಪಕ್ಕದಲ್ಲೇ ಅಲ್ಲಿನ ಆಸ್ಪತ್ರೆಯ ನರ್ಸ್ ಫಿಲೋಮಿನಾ, ತುಂಬು ಗರ್ಭಿಣಿ, ಕಂಬಿ ಹಿಡಿದು ನಿಂತಿದ್ದಳು.

ಸ್ಟಾಪಿನ ಹಿಂದಿನ ಖಾಲಿ ಸೈಟಿನಲ್ಲಿ 'ಈ ಸ್ವತ್ತು ಮಾರಾಟಕ್ಕಿಲ್ಲ' ಎಂಬ ಬೋರ್ಡಿತ್ತು. ಅದು ಟವೆಲ್ಲಿಗೆ ಕೂಗಿ ಹೇಳಿತು: "ತಮ್ಮಾ, ಜಗ್ಗಬೇಡ! ಮೂವತ್ತು ವರ್ಷದಿಂದ ಇಲ್ಲಿ ಒಂದು ಇಟ್ಟಿಗೆ ಇಡಲೂ ನಾನು ಬಿಟ್ಟಿಲ್ಲ."

"ನಮ್ಮ ಯಜಮಾನರು ಟೀ ಕುಡಿದು ಬಂದುಬಿಡುತ್ತಾರೆ," ಎಂದಿತು ಟವೆಲ್ಲು.

ಎಂಜಿನ್ ಶುರುವಾಯಿತು. ಯಜಮಾನರ ಸುಳಿವಿಲ್ಲ. ನಿಂತವರೆಲ್ಲ ಟವೆಲ್ಲನ್ನೇ ದುರುಗುಟ್ಟಿ ನೋಡತೊಡಗಿದರು. ಅದಕ್ಕೆ ಮೈಯೆಲ್ಲ ಬೆವರಿತು.

"ಯಾರದ್ರೀ ಈ ಟವೆಲ್ಲು? ಈಗ ಬರದಿದ್ರೆ ಎತ್ತಾಕ್ತೀನಿ!" ಎಂದು ಕಂಡಕ್ಟರ್ ಗದರಿದ. ಯಾರೂ ಬರಲಿಲ್ಲ. ಅವನು ಟವೆಲ್ಲನ್ನು ಎತ್ತಿ ಕಿಟಕಿಯ ಸರಳಿಗೆ ನೇತುಹಾಕಿ, "ಕೂತ್ಕೊಳ್ಳಮ್ಮ," ಎಂದ.

"ಹೇಡಿ!" ಎಂದು ಬೋರ್ಡು ಟವೆಲ್ಲಿಗೆ ಉಗಿಯಿತು.

ಫಿಲೋಮಿನಾ ಉಸ್ಸೆಂದು ಕೂತು ಹೊರಗೆ ನೋಡಿದಳು. "ಕೆಲಸ ಇಲ್ಲಿ, ಮನೆ ಊರಾಚೆ. ಈ ಸೈಟಲ್ಲಿ ನಾಲ್ಕು ಬಾಡಿಗೆ ಮನೆ ಎದ್ದಿದ್ರೆ ನಾನ್ಯಾಕಣ್ಣ ದಿನಾ ಒಂದೂವರೆ ಗಂಟೆ ನಿಂತ್ಕೊಂಡು ಹೋಗ್ತಿದ್ದೆ?"

ಸರಳಿನಲ್ಲಿ ತೂಗುತ್ತಿದ್ದ ಟವೆಲ್ಲು ಬೋರ್ಡಿನತ್ತ ತಿರುಗಿತು. "ಅಣ್ಣಾ, ನಾನು ಈಕೆಯನ್ನು ನಿಲ್ಲಿಸಿದ್ದು ಹತ್ತೇ ನಿಮಿಷ. ನೀನು?"

ಬೋರ್ಡು ಬಾಯಿ ತೆರೆಯುವುದರೊಳಗೆ ಕಂಡಕ್ಟರ್ "ರೈಟ್" ಅಂದಿದ್ದ.